ಓದುವ ಮಗುವಿಗೆ ಪುಸ್ತಕ ಹುಡುಕುತ್ತ

ಮಕ್ಕಳು ಪುಸ್ತಕ ಮುಟ್ಟುವುದಿಲ್ಲ, ಸದಾ ಮೊಬೈಲಿನಲ್ಲಿಯೇ ಮುಳುಗಿರುತ್ತಾರೆ ಎಂಬ ದೂರು ಈಗ ಮನೆಮನೆಯಲ್ಲೂ ಕೇಳಿಬರುತ್ತದೆ. ನಮ್ಮ ಮನೆಯ ದೂರು ಇದಕ್ಕೆ ತೀರ ವಿರುದ್ಧವಾದುದು. ಹತ್ತು ವರ್ಷ ತುಂಬಿದ ನನ್ನ ಮೊಮ್ಮಗಳಿಗೆ ಎಷ್ಟು ಪುಸ್ತಕ ತಂದರೂ ಸಾಲದು. ಬೆಳಿಗ್ಗೆ ತಂದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ ಮುಗಿದಿರುತ್ತದೆ. ಪುಸ್ತಕವಿಲ್ಲದ ದಿನ ಪಂಚಾಂಗ, ಗೊಬ್ಬರದ ಚೀಲದ ಮೇಲಿನ ಬರಹ, ಕಡಲೆಕಾಯಿ ಕಟ್ಟಿಕೊಟ್ಟ ಕಾಗದ, ಲಗ್ನಪತ್ರಿಕೆ, ಯಾವುದನ್ನೂ ಅವಳು ಬಿಡುವವಳಲ್ಲ.

ಈ ಮಗು ಶಾಲೆಗೆ ಹೋಗುವುದಿಲ್ಲ. ಓದುಗರಿಗೆ ಇದು ಆಶ್ಚರ್ಯವೆನಿಸಬಹುದು; ಶಾಲಾ ಉಪಾಧ್ಯಾಯನಾಗಿ ಮೂವತ್ತನಾಲ್ಕು ವರ್ಷ ದುಡಿದ ನನಗೂ ಮೊದಮೊದಲು ಹಾಗೆಯೇ ಎನಿಸಿತ್ತು. 2020ರ ಮಾರ್ಚ್ ತಿಂಗಳಲ್ಲಿ ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿದಾಗ ಅವಳಿನ್ನೂ ಐದು ವರ್ಷದ ಕೂಸು. ಹುಣಸೂರು ತಾಲ್ಲೂಕಿನ ನಮ್ಮ ತೋಟದ ಮನೆಯಲ್ಲಿ ಅವಳ ತಾಯಿಯೇ ಅಕ್ಷರ ತಿದ್ದಿಸಿದಳು, ನಾನು ಮಗ್ಗಿ ಹೇಳಿಕೊಟ್ಟೆ. ಶಾಲೆ ತೆರೆದ ಮೇಲೆ ಒಂದು ವರ್ಷ ಕಳುಹಿಸಿಯೂ ನೋಡಿದೆವು. ದಿನಕ್ಕೆ ಎರಡು ಗಂಟೆಯ ವ್ಯಾನಿನ ಪ್ರಯಾಣ, ಪಠ್ಯಪುಸ್ತಕವನ್ನು ಮೊದಲ ವಾರದಲ್ಲಿಯೇ ಓದಿ ಮುಗಿಸಿದ ಮಗುವಿಗೆ ಉಳಿದ ತಿಂಗಳುಗಳ ಬೇಸರ, ಮೇಲಿಂದ ‘ಈ ಹುಡುಗಿ ಬಹಳ ಪ್ರಶ್ನೆ ಕೇಳುತ್ತಾಳೆ’ ಎಂಬ ಆಕ್ಷೇಪಣೆ. ಮಗ ಸೊಸೆಯರು ಕೂಡಿ ಯೋಚಿಸಿ ಮನೆಯಲ್ಲಿಯೇ ಕಲಿಸುವ ನಿರ್ಧಾರಕ್ಕೆ ಬಂದರು. ಹದಿನಾಲ್ಕು ವರ್ಷ ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿಸಬಹುದೆಂಬ ಧೈರ್ಯ ಅವರಿಗಿದೆ. ನೆಂಟರಿಷ್ಟರು ಈಗಲೂ ಮದುವೆ ಮನೆಗಳಲ್ಲಿ ಈ ವಿಚಾರ ತೆಗೆಯುತ್ತಾರೆ. ಅದಕ್ಕೆ ಉತ್ತರ ಹೇಳುವುದು ಈ ಲೇಖನದ ಉದ್ದೇಶವಲ್ಲ.

ಎರಡು ವರ್ಷಗಳ ಹಿಂದೆ ಒಂದು ಸಂಜೆ ಸೊಸೆ ನನ್ನೆದುರು ಕುಳಿತು, “ಮಾವ, ಕನ್ನಡದಲ್ಲಿ ಇವಳಿಗೆ ಇನ್ನೇನೂ ಉಳಿದಿಲ್ಲ. ಚಿಕ್ಕ ಮಕ್ಕಳ ಪುಸ್ತಕ ಮುಗಿದವು, ದೊಡ್ಡವರದು ಇವಳಿಗಲ್ಲ. ಇಂಗ್ಲಿಷಿನಲ್ಲಾದರೆ ಈ ವಯಸ್ಸಿನವರಿಗೆ ರಾಶಿ ರಾಶಿ ಇವೆ. ಇನ್ನು ಮೇಲೆ ಅದನ್ನೇ ಓದಲಿ ಬಿಡಿ” ಎಂದಳು. ಅವಳ ಮಾತಿನಲ್ಲಿ ಸತ್ಯವಿತ್ತು. ರಾಜರತ್ನಂ ಅವರ ಶಿಶುಗೀತೆಗಳು, ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’, ನೆಹರೂ ಬಾಲ ಪುಸ್ತಕಾಲಯದ ಚಿತ್ರಪುಸ್ತಕಗಳು, ಪ್ರಥಮ್ ಬುಕ್ಸ್‌ನವರ ತೆಳು ಹೊತ್ತಗೆಗಳು, ಇವೆಲ್ಲ ಎಂಟನೆಯ ವರ್ಷದೊಳಗೇ ಮುಗಿದಿದ್ದವು. 1949ರಲ್ಲಿ ಆರಂಭವಾಗಿ ಮೂರು ತಲೆಮಾರುಗಳನ್ನು ಸಾಕಿದ ಕನ್ನಡ ‘ಚಂದಮಾಮ’ ಈಗ ಬರುತ್ತಿಲ್ಲ. ನಾನು ಕಟ್ಟು ಹಾಕಿಸಿ ಇಟ್ಟಿದ್ದ ಹಳೆಯ ಸಂಚಿಕೆಗಳನ್ನು ಅವಳು ಎರಡೆರಡು ಬಾರಿ ಓದಿಯಾಗಿತ್ತು. ಹತ್ತರಿಂದ ಹದಿಮೂರು ವರ್ಷದ ಮಗುವಿಗೆಂದು ಕನ್ನಡದಲ್ಲಿ ಬರೆದ ಪುಸ್ತಕಗಳು ಇಲ್ಲವೆಂದಲ್ಲ. ಬೊಳುವಾರು ಮಹಮದ್ ಕುಂಞಿ ಅವರ ‘ಪಾಪು ಗಾಂಧಿ ಗಾಂಧಿ ಬಾಪು ಆದ ಕಥೆ’ ಅಂತಹದೊಂದು; 2010ರಲ್ಲಿ ಅದಕ್ಕೆ ಸಾಹಿತ್ಯ ಅಕಾದೆಮಿಯ ಬಾಲ ಸಾಹಿತ್ಯ ಪುರಸ್ಕಾರ ಸಂದಿತು. ಆದರೆ ವಾರಕ್ಕೆ ಮೂರು ಪುಸ್ತಕ ಮುಗಿಸುವ ಮಗುವಿನೆದುರು ಅಂತಹವು ಎಷ್ಟು ದಿನ ನಿಂತಾವು?

ಇಂಗ್ಲಿಷಿನ ಮೇಲೆ ನನಗೆ ದ್ವೇಷವಿಲ್ಲ. ಮಗು ಅದನ್ನೂ ಓದುತ್ತಾಳೆ, ಓದಲಿ. ಆದರೆ ಹತ್ತರ ಪ್ರಾಯದಲ್ಲಿ ಕನ್ನಡದ ಓದು ನಿಂತರೆ ಆ ಮಗುವಿನ ಕನ್ನಡ ಹತ್ತರ ಪ್ರಾಯದಲ್ಲಿಯೇ ನಿಂತುಬಿಡುತ್ತದೆ. ಮುಂದೆ ಆಡುವ ಮಾತು ಉಳಿಯುತ್ತದೆ, ಆಲೋಚಿಸುವ ಭಾಷೆ ಉಳಿಯುವುದಿಲ್ಲ. ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮೊಮ್ಮಕ್ಕಳು ಪೂಜೆಯ ಹೊತ್ತಿಗೆ ವಚನವನ್ನು ಸೊಗಸಾಗಿ ಹಾಡುತ್ತಾರೆ. ಅರ್ಥವನ್ನು ಇಂಗ್ಲಿಷಿನಲ್ಲಿ ಕೇಳುತ್ತಾರೆ. ನಮ್ಮ ಮನೆಗೂ ಅದೇ ಗತಿ ಬರಬಾರದೆಂದು ಸೊಸೆಯ ಬಳಿ ಒಂದು ವರ್ಷದ ಅವಧಿ ಕೇಳಿಕೊಂಡೆ.

ಹುಡುಕಾಟದ ಆರಂಭದಲ್ಲಿಯೇ ನನಗೆ ಕಾರಂತರ ಮನೆಯ ನೆನಪಾಯಿತು. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರೂ ಲೀಲಾ ಕಾರಂತರೂ ತಮ್ಮ ಮಕ್ಕಳನ್ನು ಮೊದಲ ವರ್ಷಗಳಲ್ಲಿ ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಬೆಳೆಸಿದರು. ಹಾಗೆ ಬೆಳೆದವರಲ್ಲಿ ಒಬ್ಬರು ಕೆ. ಉಲ್ಲಾಸ ಕಾರಂತರು. ಮುಂದೆ ಎಂಜಿನಿಯರಿಂಗ್ ಓದಿ, ಕೃಷಿಯನ್ನೂ ಮಾಡಿ, ಕೊನೆಗೆ ಹುಲಿಯ ಬೆನ್ನು ಹತ್ತಿದ ಅವರು 1980ರ ದಶಕದಿಂದ ಅಧ್ಯಯನ ನಡೆಸಿದ್ದು ಬೇರೆಲ್ಲೂ ಅಲ್ಲ, ನಮ್ಮ ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಅಂಚಿನ ನಾಗರಹೊಳೆಯಲ್ಲಿ. ಹುಲಿಗಳ ಮೈಪಟ್ಟೆಗಳು ಒಂದರಂತೆ ಇನ್ನೊಂದರವು ಇರುವುದಿಲ್ಲವಾದ್ದರಿಂದ, ಕಾಡಿನ ದಾರಿಯಲ್ಲಿ ಕ್ಯಾಮೆರಾ ಇಟ್ಟು ತೆಗೆದ ಚಿತ್ರಗಳಿಂದ ಒಂದೊಂದು ಹುಲಿಯನ್ನೂ ಗುರುತಿಸಿ ಲೆಕ್ಕ ಹಾಕುವ ಕ್ರಮವನ್ನು ಬೆಳೆಸಿದವರು ಅವರು. ಕಾರಂತರ ಮೂವರು ಮಕ್ಕಳು ಸೇರಿ ತಮ್ಮ ಬಾಲ್ಯವನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ‘ಗ್ರೋಯಿಂಗ್ ಅಪ್ ಕಾರಂತ್’ ಎಂಬ ಪುಸ್ತಕ 2021ರಲ್ಲಿ ಬಂದಿತು. ಮನೆಯಲ್ಲಿ ಕಲಿತ ಮಗು ಏನಾದೀತು ಎಂದು ಕೇಳುವ ನೆಂಟರಿಗೆ ನಾನೀಗ ಈ ಒಂದು ಸಂಗತಿಯನ್ನು ಹೇಳಿ ಸುಮ್ಮನಾಗುತ್ತೇನೆ. ಎಲ್ಲರ ಮನೆಯಲ್ಲೂ ಕಾರಂತರು ಇರುವುದಿಲ್ಲ ಎಂಬುದೂ ನಿಜವೇ.

ಆ ಕಾರಂತರೇ 1930ರ ದಶಕದಲ್ಲಿ ‘ಬಾಲ ಪ್ರಪಂಚ’ವೆಂಬ ಮೂರು ಸಂಪುಟಗಳನ್ನು ಒಬ್ಬರೇ ಕುಳಿತು ಮಕ್ಕಳಿಗಾಗಿ ರಚಿಸಿದರು; ಅನಂತರ ದೊಡ್ಡವರಿಗಾಗಿ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಬರೆದರು. ನಾನು ಮೊದಲನೆಯದನ್ನು ಮಗುವಿಗೆ ಕೊಟ್ಟೆ. ಅವಳು ಅದನ್ನು ಮುಗಿಸಿ, ನಾನು ಕೊಡದಿದ್ದ ಎರಡನೆಯದನ್ನು ತಾನೇ ಬೀರುವಿನಿಂದ ತೆಗೆದುಕೊಂಡಳು. ಅಂಕಿಅಂಶಗಳು ಹಳೆಯವು, ಚಂದ್ರನ ಮೇಲೆ ಮನುಷ್ಯ ಕಾಲಿಡುವುದಕ್ಕೆ ಮುಂಚಿನ ಬರವಣಿಗೆ. ಅವಳು ಸೀಸದ ಕಡ್ಡಿ ಹಿಡಿದು, “ತಾತ, ಇದು ಈಗ ಬದಲಾಗಿದೆ” ಎಂದು ಅಂಚಿನಲ್ಲಿ ಗುರುತು ಹಾಕುತ್ತ ಓದಿದಳು. ತಪ್ಪಿಲ್ಲದ ಪುಸ್ತಕ ಇಷ್ಟು ಚೆನ್ನಾಗಿ ಕಲಿಸುತ್ತಿತ್ತೋ ಇಲ್ಲವೋ ನನಗೆ ಸಂಶಯ.

ಅಲ್ಲಿಂದ ಮುಂದೆ ನನ್ನ ಹುಡುಕಾಟದ ದಿಕ್ಕೇ ಬದಲಾಯಿತು. ಅಂಗಡಿಯ ‘ಮಕ್ಕಳ ವಿಭಾಗ’ವನ್ನು ಬಿಟ್ಟು, ದೊಡ್ಡವರಿಗಾಗಿ ಬರೆದಿದ್ದರೂ ಕಣ್ಣು ತೆರೆದು ನೋಡಿ, ತಿಳಿಯಾಗಿ ಬರೆದ ಪುಸ್ತಕಗಳನ್ನು ಅರಸತೊಡಗಿದೆ. ಅವು ಕನ್ನಡದಲ್ಲಿ ಧಾರಾಳವಾಗಿವೆ. ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಸಸ್ಯಶಾಸ್ತ್ರದ ಅಧ್ಯಾಪಕರೊಬ್ಬರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಬೆಟ್ಟಗುಡ್ಡ ಅಲೆದ ಕಥನ. ಲೇಖಕರೇ ಬಿಡಿಸಿದ ಚಿತ್ರಗಳಿವೆ. ಕಾಲೇಜು ಹುಡುಗರ ಕೆಲವು ಹಾಸ್ಯ ಅವಳಿಗೆ ಹತ್ತಲಿಲ್ಲ, ಹತ್ತಬೇಕಾದದ್ದೂ ಇಲ್ಲ. ಆದರೆ ಮಾರನೆಯ ದಿನವೇ ಬೇಲಿಯ ಸಾಲಿನಿಂದ ಎಲೆಗಳನ್ನು ತಂದು, ನರಗಳು ಹೇಗೆ ಕವಲೊಡೆದಿವೆ ಎಂದು ಬರೆಯಲು ಕುಳಿತಳು. ತೇಜಸ್ವಿಯವರ ‘ಪರಿಸರದ ಕತೆ’ಯನ್ನು ಎಷ್ಟು ಸಲ ಓದಿದ್ದಾಳೋ ಲೆಕ್ಕವಿಲ್ಲ, ಮನೆಯ ನಾಯಿಗೆ ಅದರಲ್ಲಿ ಬರುವ ‘ಕಿವಿ’ಯ ಹೆಸರನ್ನೇ ಇಟ್ಟಿದ್ದಾಳೆ. ಅವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳನ್ನು ರಾತ್ರಿ ಓದಬಾರದೆಂದು ಅಜ್ಜಿಯ ಕಟ್ಟಳೆ, ಏಕೆಂದರೆ ನಮ್ಮ ಹಿತ್ತಿಲಿನಾಚೆಗೆ ಹುಲಿ ಬಂದ ಸುದ್ದಿ ಪುಸ್ತಕದ ಹೊರಗೂ ಆಗಾಗ ಬರುತ್ತಿರುತ್ತದೆ.

ಪುಸ್ತಕ ಎಲ್ಲಿಂದ ತರುವುದು ಎಂಬುದು ಮುಂದಿನ ಪ್ರಶ್ನೆ. ಮೈಸೂರಿನಲ್ಲಿ ಕೃಷ್ಣರಾಜ ವೃತ್ತದ ಗೀತಾ ಬುಕ್ ಹೌಸ್‌ನಂತಹ ಹಳೆಯ ಅಂಗಡಿಗಳಿವೆ, ಮೈಸೂರು ವಿಶ್ವವಿದ್ಯಾನಿಲಯದ ಪ್ರಸಾರಾಂಗವಿದೆ, ಸುತ್ತೂರು ಜಾತ್ರೆಗೆ ಹೋದಾಗ ಜೆಎಸ್ಎಸ್ ಗ್ರಂಥಮಾಲೆಯ ಪುಸ್ತಕಗಳನ್ನು ಕೊಂಡು ತರಬಹುದು. ಆದರೆ ವಾರಕ್ಕೆ ಮೂರರಂತೆ ಕೊಳ್ಳುವುದು ಪಿಂಚಣಿದಾರನಿಗೆ ಆಗದ ಮಾತು. ಊರಿನ ಗ್ರಂಥಾಲಯಗಳನ್ನು ನೋಡೋಣವೆಂದು ಹೊರಟೆವು. 1965ರ ಗ್ರಂಥಾಲಯ ಕಾಯಿದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ನೂರಕ್ಕೆ ಆರರಂತೆ ಗ್ರಂಥಾಲಯ ಕರವೂ ಸೇರಿರುತ್ತದೆಂಬುದು ಬಹಳ ಮಂದಿಗೆ ತಿಳಿಯದು. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ವಶಕ್ಕೆ ಬಂದವು. ಮರುವರ್ಷ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಹಳ್ಳಿಯ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ನಮ್ಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳೇ ಮುಕ್ಕಾಲು ಪಾಲು. ಆದರೂ ಅಲ್ಲಿನ ಮೇಲ್ವಿಚಾರಕಿ ಸಹೃದಯಳಾದ ಹೆಣ್ಣುಮಗಳು. ಹಿಂದಿನ ಕೋಣೆಯಲ್ಲಿ ದಾರದಿಂದ ಕಟ್ಟಿಟ್ಟಿದ್ದ ಹಳೆಯ ಪುಸ್ತಕಗಳನ್ನು ಬಿಚ್ಚಿ ಮಗುವಿನ ಮುಂದೆ ಹರಡಿ, “ನೋಡವ್ವ, ನಿನಗೆ ಬೇಕಾದ್ದು ತಗೋ” ಎಂದಳು. ರಾಷ್ಟ್ರೋತ್ಥಾನ ಪರಿಷತ್ತಿನ ಭಾರತ ಭಾರತಿ ಪುಸ್ತಕ ಸಂಪದದ ಪುಟ್ಟ ಜೀವನಚರಿತ್ರೆಗಳು ಅಲ್ಲಿ ಅರವತ್ತಕ್ಕೂ ಮೇಲ್ಪಟ್ಟು ಸಿಕ್ಕವು. ಒಟ್ಟು 510 ಪುಸ್ತಕಗಳ ಆ ಮಾಲೆಗೆ ಪ್ರೊ. ಎಲ್.ಎಸ್. ಶೇಷಗಿರಿರಾಯರು ಸಂಪಾದಕರು. ಒಂದು ಮಳೆಗಾಲದಲ್ಲಿ ಅಷ್ಟನ್ನೂ ಮುಗಿಸಿದ ಮೊಮ್ಮಗಳು, “ತಾತ, ದೊಡ್ಡವರಾದವರೆಲ್ಲ ಚಿಕ್ಕವರಾಗಿದ್ದಾಗಲೂ ಇಷ್ಟು ಒಳ್ಳೆಯವರೇ ಆಗಿದ್ದರಾ?” ಎಂದು ಕೇಳಿದಳು. ಮಕ್ಕಳಿಗೆಂದು ಬರೆಯುವ ಜೀವನಚರಿತ್ರೆಗಳೆಲ್ಲಕ್ಕೂ ಅನ್ವಯಿಸುವ ವಿಮರ್ಶೆ ಅದು.

ನಮ್ಮ ಶರಣರ ಬಗ್ಗೆ ಮಕ್ಕಳಿಗಾಗಿ ಬರುವ ಪುಸ್ತಕಗಳ ವಿಷಯದಲ್ಲಿಯೂ ಇದೇ ಮಾತನ್ನು ಸಂಕೋಚದಿಂದ ಹೇಳಬೇಕಾಗಿದೆ. ಪವಾಡವೂ ಉಪದೇಶವೂ ಹೆಚ್ಚು, ಮನುಷ್ಯ ಕಡಿಮೆ. ಅವಳು ನಾಲ್ಕು ಪುಟ ಓದಿ ಕೆಳಗಿಡುತ್ತಿದ್ದಳು. ಬಲವಂತ ಮಾಡಲಿಲ್ಲ. ಕರ್ನಾಟಕ ಸರ್ಕಾರ 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳ ಹದಿನೈದು ಪುಸ್ತಕಗಳು ನನ್ನ ಬಳಿ ಇವೆ. ಒಂದು ದಿನ ಅವುಗಳ ಪರಿವಿಡಿಯನ್ನು ಅವಳೆದುರು ತೆರೆದಿಟ್ಟು, ‘ಯಾರು ಯಾವ ಕೆಲಸ ಮಾಡುತ್ತಿದ್ದರು, ಹುಡುಕು’ ಎಂದೆ. ಹಗ್ಗ ಹೊಸೆದವರು, ದೋಣಿ ನಡೆಸಿದವರು, ಬಟ್ಟೆ ಒಗೆದವರು, ಅಕ್ಕಿ ಆಯ್ದವರು, ಸೌದೆ ಹೊತ್ತವರು ಎಂದು ಒಂದು ಪಟ್ಟಿಯನ್ನೇ ಮಾಡಿದಳು. ಕಪಿಲೆಯಲ್ಲಿ ಹರಿಗೋಲು ಹಾಕುವವರನ್ನು ಕಂಡಿದ್ದ ಮಗುವಿಗೆ ಅಂಬಿಗರ ಚೌಡಯ್ಯನ ಸಿಟ್ಟು ಬಹಳ ಹಿಡಿಸಿತು. ಅರ್ಥವಾಗದ ವಚನಗಳನ್ನು ದಾಟಿ ಹೋಗುತ್ತಾಳೆ. ಅರ್ಥವಾದದ್ದನ್ನು ಬಾಯಿಪಾಠ ಮಾಡಿಕೊಳ್ಳುತ್ತಾಳೆ, ಯಾರೂ ಹೇಳದೆ.

ನನ್ನ ಸೇವಾವಧಿ ಕೃಷ್ಣರಾಜನಗರ, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಹುಣಸೂರು ಈ ನಾಲ್ಕು ತಾಲ್ಲೂಕುಗಳಲ್ಲಿಯೇ ಕಳೆದದ್ದರಿಂದ ಯಾವ ಊರಿನ ಯಾವ ಮನೆಯಲ್ಲಿ ಪುಸ್ತಕದ ಬೀರು ಇದೆಯೆಂಬುದು ನನಗೆ ತಕ್ಕಮಟ್ಟಿಗೆ ತಿಳಿದಿತ್ತು. ಭಾನುವಾರಗಳಂದು ಬಸ್ಸು ಹಿಡಿದು ಇಬ್ಬರೂ ಹೊರಡುತ್ತಿದ್ದೆವು. ಆ ಮನೆಗಳಲ್ಲಿ ಓದುತ್ತಿದ್ದ ಹಿರಿಯರು ಲಿಂಗೈಕ್ಯರಾಗಿದ್ದಾರೆ, ಮಕ್ಕಳು ನಗರ ಸೇರಿದ್ದಾರೆ, ಬೀರುವಿನ ಬೀಗದ ಕೈ ಯಾರ ಬಳಿಯಿದೆಯೋ ಯಾರಿಗೂ ಗೊತ್ತಿಲ್ಲ. ಕೃಷ್ಣರಾಜನಗರದ ಬಳಿಯ ಒಂದು ಮನೆಯಲ್ಲಿ ಪ್ರಸಾರಾಂಗದ ಪ್ರಚಾರೋಪನ್ಯಾಸ ಮಾಲೆಯ ಚಿಕ್ಕ ಹೊತ್ತಗೆಗಳು ಒಂದು ಟ್ರಂಕಿನ ತುಂಬ ಇದ್ದವು. ವಿದ್ವಾಂಸರು ಹಳ್ಳಿಗಳಿಗೆ ಹೋಗಿ ರೈತಾಪಿ ಜನರ ಮುಂದೆ ಮಾಡಿದ ಭಾಷಣಗಳು ಅವು. ಪಂಡಿತರು ಪಾಮರರಿಗೆ ತಿಳಿಯುವಂತೆ ಹೇಳಿದ್ದು ಹತ್ತು ವರ್ಷದ ಮಗುವಿಗೂ ತಿಳಿಯುತ್ತದೆಂಬುದು ನಮ್ಮ ಅನುಭವಕ್ಕೆ ಬಂತು. ಪಿರಿಯಾಪಟ್ಟಣದ ಕಡೆಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಮನೆಯಲ್ಲಿ ನಿರಂಜನರು ಸಂಪಾದಿಸಿದ ‘ವಿಶ್ವಕಥಾಕೋಶ’ದ ಇಪ್ಪತ್ತೈದು ಸಂಪುಟಗಳಲ್ಲಿ ಹದಿನೆಂಟು ಉಳಿದಿದ್ದವು, ಉಳಿದವನ್ನು ಗೆದ್ದಲು ಓದಿತ್ತು. ಅವರ ಪತ್ನಿ, ಎಂಬತ್ತು ದಾಟಿದ ತಾಯಿ, ಒಂದೊಂದನ್ನೂ ಸೆರಗಿನಿಂದ ಒರೆಸಿ ಕೊಟ್ಟರು. ತಮ್ಮ ಮೊಮ್ಮಕ್ಕಳು ಕನ್ನಡ ಓದಲಾರರೆಂದೂ ಅಂದರು.

ಹೆಗ್ಗಡದೇವನಕೋಟೆಗೆ ಹೋದಾಗ ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ಜೊತೆಗೆ ಒಯ್ದಿದ್ದೆ. ಕಾಡುಕುರುಬರ ಮುಖಂಡ ಕಾಚನ ಕಥೆ. ಕಾಕನಕೋಟೆಯ ಹಳೆಯ ಕಾಡಿನ ಒಂದು ಭಾಗ 1974ರಲ್ಲಿ ಮುಗಿದ ಕಬಿನಿ ಜಲಾಶಯದ ನೀರಿನಡಿಯಲ್ಲಿದೆಯೆಂದು ಹೇಳಿದಾಗ ಮಗು ಹಿನ್ನೀರನ್ನು ಬಹಳ ಹೊತ್ತು ನೋಡುತ್ತ ನಿಂತಿತ್ತು. “ಕಾಚನ ಮೊಮ್ಮಕ್ಕಳು ಈಗ ಎಲ್ಲಿದ್ದಾರೆ?” ಎಂಬ ಪ್ರಶ್ನೆ ಬಸ್ಸಿನಲ್ಲಿ ಬಂತು.

ಅದೇ ಪ್ರಶ್ನೆ ಬೇರೆ ರೂಪದಲ್ಲಿ ಮತ್ತೆ ಬಂದದ್ದು ‘ಚೋಮನ ದುಡಿ’ ಓದಿದಾಗ. ನಾನು ಕೊಟ್ಟದ್ದಲ್ಲ, ಅವಳೇ ತೆಗೆದುಕೊಂಡದ್ದು. ಸೊಸೆಗೆ ಅಸಮಾಧಾನವಾಯಿತು. ಚೋಮನ ಮಗಳು ಬೆಳ್ಳಿಯ ಪಾಡು ಈ ವಯಸ್ಸಿನ ಹೆಣ್ಣುಮಗು ಓದುವಂತಹುದಲ್ಲವೆಂದು ಅವಳ ವಾದ. ತಾಯಿಯಾದವಳ ಆತಂಕ ಅದು, ಅಲ್ಲಗಳೆಯುವಂತಹುದಲ್ಲ. ಆದರೆ ಮಗುವಿನ ಮನಸ್ಸು ಬೆಳ್ಳಿಯ ಪ್ರಸಂಗದಲ್ಲಿ ನಿಂತಿರಲಿಲ್ಲ. ಒಂದಿಷ್ಟು ನೆಲವನ್ನು ತಾನೇ ಉಳಬೇಕೆಂಬ ಚೋಮನ ಆಸೆ ಯಾಕೆ ನೆರವೇರಲಿಲ್ಲ ಎಂಬಲ್ಲಿ ನಿಂತಿತ್ತು. ಆಗ ಹೊಗೆಸೊಪ್ಪಿನ ಸುಗ್ಗಿ. ಬ್ಯಾರನ್ನಿನ ಮುಂದೆ ಕೋಲಿಗೆ ಸೊಪ್ಪು ಕಟ್ಟಲು ಹಾಡಿಯಿಂದಲೂ ಊರಿನ ಕೇರಿಯಿಂದಲೂ ಆಳುಗಳು ಬಂದಿದ್ದರು. ಮಗು ಜಗಲಿಯ ಮೇಲಿನಿಂದ ಅವರನ್ನು ನೋಡುತ್ತ, “ತಾತ, ಇವರಿಗೆ ಜಮೀನು ಇದೆಯಾ?” ಎಂದಿತು.

“ಇಬ್ಬರಿಗೆ ಇದೆ, ಉಳಿದವರಿಗೆ ಇಲ್ಲ” ಎಂದೆ.

“ನಮಗೆ ಯಾಕಿದೆ?”

ಆ ಸಂಜೆ ಅವಳಿಗೆ ಉತ್ತರ ಹೇಳಲು ಬಹಳ ಹೊತ್ತು ಹಿಡಿಯಿತು. ಜೋಡಿದಾರಿ, ಗೇಣಿ, 1974ರ ಭೂ ಸುಧಾರಣೆ, ನಮ್ಮ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು, ಎಲ್ಲವೂ ಬಂದವು. ನಮ್ಮ ತಾತ ಮುತ್ತಾತಂದಿರ ಹೆಸರೂ ಬಂತು. ಸೊಸೆ ಒಳಗಿನಿಂದ ಬಂದು ಕಂಬಕ್ಕೊರಗಿ ಕೇಳುತ್ತ ನಿಂತಳು. ಮರುದಿನದಿಂದ ಮಧ್ಯಾಹ್ನ ಆಳುಗಳು ಊಟಕ್ಕೆ ಕೂತಾಗ ಅವರೊಡನೆ ಬಂದ ಇಬ್ಬರು ಹುಡುಗಿಯರಿಗೆ ಮೊಮ್ಮಗಳು ‘ಪರಿಸರದ ಕತೆ’ ಓದಿ ಹೇಳತೊಡಗಿದಳು. ಅವರಲ್ಲಿ ಒಬ್ಬಳು ಜೇನುಕುರುಬರ ಹುಡುಗಿ; ಕಾಡಿನ ಸಂಗತಿಯಲ್ಲಿ ಪುಸ್ತಕವನ್ನೇ ತಿದ್ದುತ್ತಾಳೆ.

ಇದಾದ ಮೇಲೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ನೆಲೆಯಾಯಿತು. ಸಂಶಯವಿರುವ ಪುಸ್ತಕವನ್ನು ನಾನೋ ಸೊಸೆಯೋ ಮೊದಲು ಓದುತ್ತೇವೆ. ಬಚ್ಚಿಡುವುದಿಲ್ಲ, ಅವಳು ಓದಿದರೆ ಮಾತನಾಡಲು ಸಿದ್ಧವಾಗಿರುತ್ತೇವೆ, ಅಷ್ಟೆ. ಬೇಸರವಾದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಹಕ್ಕು ಅವಳಿಗಿದೆ. ಓದಿದ್ದರ ಸಾರಾಂಶ ಬರೆಯೆಂದು ಕೇಳುವುದಿಲ್ಲ. ಆ ಪಾಪವನ್ನು ಮಾಸ್ತರಿಕೆಯಲ್ಲಿ ಬೇಕಾದಷ್ಟು ಮಾಡಿದ್ದಾಗಿದೆ ಎಂದು ಅವಳ ಅಜ್ಜಿ ನನ್ನನ್ನು ಛೇಡಿಸುವುದುಂಟು.

ಕಳೆದ ಬೇಸಿಗೆಯಲ್ಲಿ ಅವಳನ್ನು ಪಾಂಡವಪುರದ ಬಳಿಯ ಹರಳಹಳ್ಳಿಗೆ ಕರೆದೊಯ್ದೆ. ಒಮ್ಮೆ ಬಸ್ ನಿರ್ವಾಹಕರಾಗಿದ್ದು, ಅನಂತರ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅಂಕೇಗೌಡರು ತಮ್ಮ ಗಳಿಕೆಯನ್ನೆಲ್ಲ ಸುರಿದು ಕಟ್ಟಿದ ‘ಪುಸ್ತಕದ ಮನೆ’ ಅಲ್ಲಿದೆ. ಲಕ್ಷಗಟ್ಟಲೆ ಪುಸ್ತಕಗಳ ರಾಶಿಯ ನಡುವೆ ಮಗುವಿಗೆ ಮಾತೇ ಹೊರಡಲಿಲ್ಲ. ಹಿಂದಿರುಗುವಾಗ ಮೈಸೂರಿನ ರಾಜೀವನಗರದ ಸೈಯದ್ ಇಸಾಕ್ ಅವರ ಕಥೆ ಹೇಳಿದೆ. ಶಾಲೆಯ ಭಾಗ್ಯ ಕಾಣದ ಕೂಲಿಕಾರ್ಮಿಕರಾದ ಅವರು ಸಾರ್ವಜನಿಕರಿಗಾಗಿ ನಡೆಸುತ್ತಿದ್ದ ಕನ್ನಡದ ಗ್ರಂಥಾಲಯಕ್ಕೆ 2021ರ ಏಪ್ರಿಲಿನಲ್ಲಿ ಬೆಂಕಿ ಬಿದ್ದು ಸಾವಿರಾರು ಪುಸ್ತಕಗಳು ಸುಟ್ಟವು. ನಾಡಿನ ಮೂಲೆಮೂಲೆಯಿಂದ ಜನ ನೆರವಿಗೆ ಬಂದರು. ಮೊಮ್ಮಗಳು ಬಹಳ ಹೊತ್ತು ಸುಮ್ಮನಿದ್ದು, “ನನ್ನ ಪುಸ್ತಕಗಳಲ್ಲಿ ಎರಡೆರಡು ಇರುವುದನ್ನು ಕಳುಹಿಸೋಣವಾ?” ಎಂದಳು. ನಮ್ಮಲ್ಲಿ ಎರಡೆರಡು ಇದ್ದವು ಮೂರೇ. ಅವನ್ನೇ ಕಟ್ಟಿಟ್ಟಳು.

ನಾನು ಕೇಳಿಕೊಂಡಿದ್ದ ಒಂದು ವರ್ಷದ ಅವಧಿ ಮುಗಿದು ಈಗ ಇನ್ನೊಂದು ವರ್ಷವಾಗಿದೆ. ಸೊಸೆ ಆ ಮಾತನ್ನು ಮತ್ತೆ ಎತ್ತಿಲ್ಲ. ಈಚೆಗೆ ಅವಳೇ ರಾತ್ರಿ ‘ಹಸುರು ಹೊನ್ನು’ ಓದುತ್ತಿರುತ್ತಾಳೆ. ಮೊಮ್ಮಗಳು ಸದ್ಯ ನಿರಂಜನರೇ ಕಿರಿಯರಿಗಾಗಿ ಸಂಪಾದಿಸಿದ ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ಯನ್ನು ಹಿಡಿದಿದ್ದಾಳೆ. ಬೇರೆ ಬೇರೆ ಮನೆಗಳಿಂದ ಐದು ಸಂಪುಟಗಳು ಒದಗಿವೆ. ಮೂರನೆಯದೂ ಆರನೆಯದೂ ಎಲ್ಲಿಯೂ ಸಿಕ್ಕಿಲ್ಲ. ಈ ಪತ್ರಿಕೆಯ ಓದುಗ ಬಂಧುಗಳಲ್ಲಿ ಯಾರ ಮನೆಯ ಬೀರುವಿನಲ್ಲಾದರೂ ಅವು ಇದ್ದರೆ ದಯವಿಟ್ಟು ಪತ್ರಿಕೆಯ ಕಚೇರಿಗೆ ಒಂದು ಸಾಲು ಬರೆಯಿರಿ. ನಾವೇ ಬಂದು ಒಯ್ದು, ತಿಂಗಳೊಳಗೆ ಹಿಂದಿರುಗಿಸುತ್ತೇವೆ. ಬೀಗದ ಕೈ ಕಳೆದಿದ್ದರೂ ಅಡ್ಡಿಯಿಲ್ಲ, ಹುಣಸೂರಿನಲ್ಲಿ ಬೀಗ ತೆಗೆಯುವವರೊಬ್ಬರ ಪರಿಚಯ ಈಗ ನಮಗೆ ಚೆನ್ನಾಗಿ ಆಗಿದೆ.